ಹಳೆಯ ಹಾಲಿವುಡ್ ಸಂಗೀತ ಆಲ್ಬಮ್ ಆಗಿ ಯಾವಾಗ ಬರುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಾಲಿವುಡ್ ಸಿನಿಮಾ ನೋಡುವಾಗ ಕಥೆಗಿಂತ ಜಾಸ್ತಿ ಅದರ ಸಂಗೀತಕ್ಕೆ ಕಿವಿ ಕೊಡುವವರು ನಮ್ಮಲ್ಲೂ ಇದ್ದಾರೆ. ಸಿನಿಮಾ ಮುಗಿದ ಕೂಡಲೇ ಅವರು ಹುಡುಕುವುದು ಆಲ್ಬಮ್. ಎಷ್ಟೋ ಸಲ ಸಿಗುವುದಿಲ್ಲ. ಸಿಕ್ಕರೂ ಸಿನಿಮಾದಲ್ಲಿ ಕೇಳಿದ್ದು ಅದರಲ್ಲಿ ಇರುವುದಿಲ್ಲ. ಇಪ್ಪತ್ತು ವರ್ಷದಿಂದ ಈ ಸಂಗೀತ ಕೇಳುತ್ತಾ, ಸಿಡಿ ಕೂಡಿಡುತ್ತಾ ಬಂದ ನನಗೆ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವುಗಳಿಗೆ ನನಗೆ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಹಿನ್ನೆಲೆ ಸಂಗೀತ ಅಂದರೆ ಹಾಡುಗಳೂ ಸೇರುತ್ತವಾ?

ಇಲ್ಲಿ ಹಾಡುಗಳನ್ನು ಬಿಟ್ಟಿದ್ದೇನೆ. ದೃಶ್ಯಕ್ಕೆಂದೇ ಬರೆದು, ಆರ್ಕೆಸ್ಟ್ರಾದಿಂದ ನುಡಿಸಿ, ಮಾತಿನ ಕೆಳಗೆ ಸೇರಿಸಿದ ಸಂಗೀತದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ. ನಮ್ಮ ಕಡೆ ಸಿನಿಮಾಕ್ಕಿಂತ ಮೊದಲೇ ಹಾಡಿನ ಕ್ಯಾಸೆಟ್ ಅಂಗಡಿಗೆ ಬರುತ್ತಿತ್ತು. ಹಿನ್ನೆಲೆ ಸಂಗೀತ ಮಾತ್ರ ಥಿಯೇಟರಿನಲ್ಲೇ ಉಳಿದುಬಿಡುತ್ತಿತ್ತು. ಹಾಲಿವುಡ್‌ನಲ್ಲೂ ಬಹಳ ಕಾಲ ಹೀಗೇ ಇತ್ತು. ನಾನು ಹೇಳುತ್ತಿರುವುದು ಹೆಚ್ಚಾಗಿ 1930ರಿಂದ 1960ರ ದಶಕದ ಕೊನೆಯವರೆಗಿನ ಕಾಲದ ಮಾತು.

ಸಿನಿಮಾದಲ್ಲೇ ಕೇಳಬಹುದಲ್ಲ, ಬೇರೆ ಆಲ್ಬಮ್ ಯಾಕೆ ಬೇಕು?

ಸಿನಿಮಾದಲ್ಲಿ ಅದು ಪೂರ್ತಿ ಕೇಳಿಸುವುದೇ ಇಲ್ಲ. ಯಾರಾದರೂ ಬಾಯಿ ತೆರೆದರೆ ಸಾಕು, ಸಂಗೀತವನ್ನು ತಗ್ಗಿಸುತ್ತಾರೆ. ಕುದುರೆ ಬಂದರೆ ಗೊರಸಿನ ಸದ್ದು, ಮಳೆ ಬಂದರೆ ಮಳೆಯ ಸದ್ದು ಅದರ ಮೇಲೆ ಬಂದು ಕೂರುತ್ತವೆ. ಮ್ಯಾಕ್ಸ್ ಸ್ಟೈನರ್ 1939ರಲ್ಲಿ ‘ಗಾನ್ ವಿತ್ ದ ವಿಂಡ್’ಗೆ ಎರಡೂವರೆ ಗಂಟೆಗೂ ಜಾಸ್ತಿ ಸಂಗೀತ ಕೊಟ್ಟರು. ಅದರಲ್ಲಿ ಬಹುಪಾಲು ಸಂಭಾಷಣೆಯ ಅಡಿಯಲ್ಲೇ ಹರಿಯುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ‘ಬೆನ್-ಹರ್’ (1959) ಸಿನಿಮಾದಲ್ಲಿ ಯುದ್ಧದ ಹಡಗಿನ ದೃಶ್ಯ ಇದೆಯಲ್ಲ. ಸಂಕೋಲೆ ಹಾಕಿದ ಗುಲಾಮರು ಹುಟ್ಟು ಹಾಕುತ್ತಿರುತ್ತಾರೆ. ಮುಂದೆ ಕೂತ ಒಬ್ಬ ಎರಡು ಕೊಡತಿಗಳಿಂದ ಮರಕ್ಕೆ ಬಡಿದು ಲಯ ಕೊಡುತ್ತಾನೆ. ಅಧಿಕಾರಿ ವೇಗ ಹೆಚ್ಚಿಸು ಅನ್ನುತ್ತಾನೆ, ಬಡಿತ ಏರುತ್ತದೆ. ಮತ್ತೆ ಹೆಚ್ಚಿಸು ಅನ್ನುತ್ತಾನೆ. ಮಿಕ್ಲೋಶ್ ರೋಜಾ ಬರೆದ ಸಂಗೀತ ಆ ಬಡಿತದ ಜೊತೆಗೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸಿನಿಮಾದಲ್ಲಿ ಕೊಡತಿಯ ಹೊಡೆತ, ಹುಟ್ಟಿನ ಕಿರುಗುಟ್ಟುವಿಕೆ, ಏದುಸಿರು ಇವೆಲ್ಲ ಸೇರಿ ಸಂಗೀತ ಅರ್ಧ ಮುಚ್ಚಿಹೋಗುತ್ತದೆ. ನಾನು ಆಲ್ಬಮ್‌ನಲ್ಲಿ ಅದನ್ನು ಮೊದಲ ಸಲ ಕೇಳಿದ್ದು ಒಂದು ರಾತ್ರಿ, ಹೆಡ್‌ಫೋನ್ ಹಾಕಿಕೊಂಡು. ಕೆಳಗಿನ ಹಿತ್ತಾಳೆ ವಾದ್ಯಗಳು ಪ್ರತಿ ಹೊಡೆತಕ್ಕೂ ಎದೆಗೆ ಗುದ್ದುತ್ತಿದ್ದವು. ಅಷ್ಟೊಂದು ಸಲ ನೋಡಿದ ಸಿನಿಮಾ, ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ!

ಇನ್ನೂ ಒಂದು ಕಾರಣ ಇದೆ. ಬರೆದು, ನುಡಿಸಿ, ಧ್ವನಿ ಮುದ್ರಿಸಿಕೊಂಡ ಮೇಲೂ ಎಷ್ಟೋ ತುಣುಕುಗಳನ್ನು ಎಡಿಟಿಂಗ್‌ನಲ್ಲಿ ಕತ್ತರಿಸುತ್ತಾರೆ. ಅವು ಸಿನಿಮಾದಲ್ಲಿ ಇರುವುದೇ ಇಲ್ಲ. ಆಲ್ಬಮ್ ಬಂದರೆ ಮಾತ್ರ ಕೇಳಬಹುದು.

ಇಂಥ ಸಂಗೀತ ಮೊದಲು ಗ್ರಾಮಫೋನ್ ತಟ್ಟೆಯಾಗಿ ಬಂದದ್ದು ಯಾವಾಗ?

ಈ ಪ್ರಶ್ನೆಯ ಉತ್ತರ ನನಗೆ ತುಂಬಾ ಪ್ರೀತಿ. ಅದು ನಮ್ಮ ಮೈಸೂರಿನ ತನಕ ಬರುತ್ತದೆ.

ಸಿನಿಮಾದಿಂದಲೇ ತೆಗೆದ ಹಾಡುಗಳು ಆಲ್ಬಮ್ ಆಗಿ ಬಂದದ್ದು 1938ರಲ್ಲಿ, ಡಿಸ್ನಿಯ ‘ಸ್ನೋ ವೈಟ್’ ಜೊತೆ. ಆದರೆ ಹಾಡಿಲ್ಲದ, ಬರೀ ಹಿನ್ನೆಲೆಗೆಂದು ಬರೆದ ಸಂಗೀತಕ್ಕೆ ಮೊದಲ ಆಲ್ಬಮ್ ಅಂತ ಸಾಮಾನ್ಯವಾಗಿ ಎಲ್ಲರೂ ಹೆಸರಿಸುವುದು 1942ರ ‘ಜಂಗಲ್ ಬುಕ್’. ಸಂಗೀತ ಅದೇ ರೋಜಾ ಅವರದು. ಆರ್‌ಸಿಎ ವಿಕ್ಟರ್ ಕಂಪನಿ ಅದನ್ನು ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳ ಕಟ್ಟಾಗಿ ಹೊರತಂದಿತು. ಆ ತಟ್ಟೆಗಳಲ್ಲಿ ಕಥೆ ಹೇಳುವ ದನಿ ಸಾಬುವಿನದು.

ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಕಬಿನಿ ಕಾಡಿನ ಪಕ್ಕದ ಊರು ಅದು, ಇವತ್ತಿನ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದೆ. ತಂದೆ ಮಾವುತ. ‘ಎಲಿಫೆಂಟ್ ಬಾಯ್’ (1937) ಚಿತ್ರಕ್ಕಾಗಿ ಮೈಸೂರಿಗೆ ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಅವರ ತಂಡ ಈ ಹುಡುಗನನ್ನು ಕಂಡಿತು. ಅಲ್ಲಿಂದ ಲಂಡನ್, ಲಂಡನ್‌ನಿಂದ ಹಾಲಿವುಡ್. ‘ಜಂಗಲ್ ಬುಕ್’ ಸಿನಿಮಾದಲ್ಲಿ ಮೌಗ್ಲಿ ಆದಾಗ ಅವನಿಗೆ ಇನ್ನೂ ಹದಿನೆಂಟು. ಹಾಲಿವುಡ್ ಹಿನ್ನೆಲೆ ಸಂಗೀತದ ಆಲ್ಬಮ್‌ಗಳ ಕಥೆ ಕಬಿನಿ ದಡದ ಮಾವುತನ ಮಗನ ದನಿಯಿಂದ ಶುರುವಾಗುತ್ತದೆ ಅಂತ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ಆಲ್ಬಮ್‌ನಲ್ಲೂ ಸಂಗೀತ ಮಾತಿನ ಕೆಳಗೇ ಇತ್ತು, ನೋಡಿ. ಬರೀ ಸಂಗೀತ ಇಟ್ಟರೆ ಜನ ಕೊಳ್ಳುತ್ತಾರೆ ಅನ್ನುವ ನಂಬಿಕೆ ಆಗ ಕಂಪನಿಗಳಿಗೆ ಇರಲಿಲ್ಲ.

ಉಳಿದ ಸಿನಿಮಾಗಳಿಗೆ ಆಗಲೇ ಯಾಕೆ ಆಲ್ಬಮ್ ಮಾಡಲಿಲ್ಲ?

78ರ ತಟ್ಟೆಯ ಒಂದು ಬದಿಯಲ್ಲಿ ಮೂರರಿಂದ ನಾಲ್ಕು ನಿಮಿಷ ಹಿಡಿಯುತ್ತಿತ್ತು. ಒಂದೂವರೆ ಗಂಟೆಯ ಸಂಗೀತಕ್ಕೆ ಎಷ್ಟು ತಟ್ಟೆ ಬೇಕು, ನೀವೇ ಲೆಕ್ಕ ಹಾಕಿ. 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ತಟ್ಟೆ, ಎಲ್‌ಪಿ ಬಂತು. ಜಾಗ ಸಿಕ್ಕಿತು, ಮನಸ್ಸು ಮಾತ್ರ ಬರಲಿಲ್ಲ. ಹಿಟ್ ಆಗುವಂಥ ಒಂದು ಹಾಡು ಇದ್ದರೆ ಎಲ್‌ಪಿ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ.

‘ದ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಸಂಗೀತ ಕೇಳದವರು ಯಾರಿದ್ದಾರೆ? ಎಲ್ಮರ್ ಬರ್ನ್‌ಸ್ಟೀನ್ ಬರೆದ ಆ ಕುದುರೆ ಸವಾರಿಯ ರಾಗವನ್ನು ಸಿಗರೇಟ್ ಜಾಹೀರಾತಿಗೂ ಬಳಸಿದರು. ಆದರೂ ಸಿನಿಮಾ ಬಂದಾಗ ಆಲ್ಬಮ್ ಬರಲಿಲ್ಲ. ಸಿನಿಮಾದಲ್ಲಿ ನುಡಿಸಿದ ಆ ಮುದ್ರಣವೇ ಸಿಡಿಯಾಗಿ ಕೈಗೆ ಬಂದದ್ದು 1998ರಲ್ಲಿ. ಮೂವತ್ತೆಂಟು ವರ್ಷ!

‘ಫರ್ಬಿಡನ್ ಪ್ಲಾನೆಟ್’ (1956) ಕಥೆ ಇನ್ನೂ ಬೇರೆ. ಲೂಯಿಸ್ ಮತ್ತು ಬೀಬಿ ಬ್ಯಾರನ್ ದಂಪತಿ ತಾವೇ ಕಟ್ಟಿದ ಎಲೆಕ್ಟ್ರಾನಿಕ್ ಸರ್ಕ್ಯೂಟುಗಳಿಂದ ಅದರ ಸದ್ದುಗಳನ್ನು ಹೊರಡಿಸಿದ್ದರು. ಸ್ಟುಡಿಯೋ ಆಲ್ಬಮ್ ಮಾಡಲಿಲ್ಲ. ಇಪ್ಪತ್ತು ವರ್ಷ ಕಾದು, 1976ರಲ್ಲಿ ಗಂಡ ಹೆಂಡತಿ ತಾವೇ ಎಲ್‌ಪಿ ತಂದರು.

ನನ್ನ ಹತ್ತಿರ ಹಳೆಯ ಎಲ್‌ಪಿ ಇದೆ. ಆದರೆ ಅದು ಸಿನಿಮಾದಲ್ಲಿ ಕೇಳಿದ ಹಾಗಿಲ್ಲ. ಯಾಕೆ?

ನಿಮ್ಮ ಕಿವಿ ಸರಿಯಾಗಿದೆ. ಅದು ಬಹುಶಃ ಬೇರೆಯದೇ ಮುದ್ರಣ. ಎಲ್‌ಪಿಗೆಂದು ಮತ್ತೊಮ್ಮೆ, ಬೇರೆ ಊರಲ್ಲಿ, ಬೇರೆ ಆರ್ಕೆಸ್ಟ್ರಾದಿಂದ ನುಡಿಸುವುದು ಆಗ ಮಾಮೂಲಿ. 1959ರ ‘ಬೆನ್-ಹರ್’ ಎಲ್‌ಪಿ ತಯಾರಾದದ್ದು ರೋಮ್‌ನಲ್ಲಿ, ಕಾರ್ಲೊ ಸವೀನಾ ಅವರ ಆರ್ಕೆಸ್ಟ್ರಾ ನಿರ್ದೇಶನದಲ್ಲಿ. ಸಿನಿಮಾಕ್ಕೆ ನುಡಿಸಿದ್ದು ಹಾಲಿವುಡ್‌ನಲ್ಲಿ, ರೋಜಾ ಕೈಯಲ್ಲಿ. ಹಾಲಿವುಡ್‌ನ ಆ ಮುದ್ರಣವನ್ನು ಉಳಿದ ಎಲ್ಲ ತುಣುಕುಗಳ ಸಮೇತ ಐದು ಸಿಡಿಗಳ ಪೆಟ್ಟಿಗೆಯಾಗಿ ಫಿಲ್ಮ್ ಸ್ಕೋರ್ ಮಂತ್ಲಿ ಸಂಸ್ಥೆ ಹೊರತಂದದ್ದು 2012ರಲ್ಲಿ.

ನಂತರದ ಕಾಲದಲ್ಲೂ ಹೀಗೇ ನಡೆದಿದೆ. 1975ರ ‘ಜಾಸ್’ ಆಲ್ಬಮ್ ಕೂಡ ಜಾನ್ ವಿಲಿಯಮ್ಸ್ ಎಲ್‌ಪಿಗೆಂದೇ ಮತ್ತೆ ನುಡಿಸಿದ್ದು. ಸಿನಿಮಾದ ಮುದ್ರಣ 2000ದಲ್ಲಿ ಬಂತು. ಎಲ್‌ಪಿಯ ರೂಪವೂ ಚೆನ್ನಾಗಿದೆ, ನಿಜ. ಆದರೂ ಕತ್ತಲಲ್ಲಿ ಕೂತು ಕೇಳಿದ್ದು ಮತ್ತೆ ಬೇಕು ಅನ್ನುವವರಿಗೆ ಅದು ಸಾಲುವುದಿಲ್ಲ ಅಲ್ವಾ?

ಮತ್ತೆ ನುಡಿಸುವ ಖರ್ಚು ಯಾಕೆ? ಇರುವ ಮುದ್ರಣವನ್ನೇ ಹಾಕಬಹುದಿತ್ತಲ್ಲ?

ಇದರ ಹಿಂದೆ ಅಮೆರಿಕದ ವಾದ್ಯಗಾರರ ಸಂಘದ ಒಪ್ಪಂದ ಇದೆ. ಸಿನಿಮಾಕ್ಕೆ ನುಡಿಸಿದ ಕೂಲಿ ಸಿನಿಮಾಕ್ಕೆ ಮಾತ್ರ. ಅದೇ ಮುದ್ರಣವನ್ನು ತಟ್ಟೆಗೆ ಹಾಕಿದರೆ ಎಲ್ಲ ವಾದ್ಯಗಾರರಿಗೂ ಮತ್ತೊಮ್ಮೆ ಕೊಡಬೇಕು. ಎಂಬತ್ತು ತೊಂಬತ್ತು ಜನರ ಆರ್ಕೆಸ್ಟ್ರಾ ಅಂದರೆ ಅದು ಸಣ್ಣ ಮೊತ್ತ ಅಲ್ಲ. ಯುರೋಪಿಗೆ ಹೋಗಿ ಹೊಸದಾಗಿ ನುಡಿಸುವುದೇ ಅಗ್ಗ ಆಗುತ್ತಿತ್ತು.

ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಆ ಪಿಟೀಲು, ಆ ಕೊಂಬು ನುಡಿಸಿದವರ ಹೆಸರು ಸಿನಿಮಾದ ಪರದೆ ಮೇಲೂ ಬರುತ್ತಿರಲಿಲ್ಲ. ದುಡ್ಡಾದರೂ ಬರಲಿ. ಆದರೆ ಸಾವಿರ, ಎರಡು ಸಾವಿರ ಪ್ರತಿ ಮಾತ್ರ ಹೋಗುವ ಹಳೆಯ ಸಂಗೀತಕ್ಕೂ ಪೂರ್ತಿ ದರ ಕೇಳಿದರೆ ಆಲ್ಬಮ್ ಹುಟ್ಟುವುದೇ ಇಲ್ಲ, ಯಾರಿಗೂ ಏನೂ ಸಿಗುವುದಿಲ್ಲ. ಕೊನೆಗೆ ಸಂಘ ಹಳೆಯ ಸಂಗೀತದ ಕಡಿಮೆ ಪ್ರತಿಗಳ ಬಿಡುಗಡೆಗೆ ಬೇರೆ ದರ ಒಪ್ಪಿಕೊಂಡಿತು. ಬೀಗ ತೆಗೆದದ್ದು ಅದೇ.

3000 ಪ್ರತಿ ಮಾತ್ರ ಅಂತ ಬರೆದಿರುತ್ತಾರಲ್ಲ, ಅದು ಬೆಲೆ ಏರಿಸುವ ಉಪಾಯವಾ?

ಹಾಗೆ ಅನುಮಾನ ಪಡುವವರು ಬಹಳ ಜನ. ನಿಜ ಸಂಗತಿ ಮೇಲೆ ಹೇಳಿದ್ದೇ. ಕಡಿಮೆ ದರ ಸಿಗಬೇಕಾದರೆ ಪ್ರತಿಗಳ ಸಂಖ್ಯೆಗೆ ಮಿತಿ ಇರಬೇಕು ಅನ್ನುವುದು ಒಪ್ಪಂದ. ಬಹಳ ಕಾಲ ಆ ಮಿತಿ 3000 ಇತ್ತು. ಅದರ ಮೇಲೆ ಕೊಳ್ಳುವವರೂ ಅಷ್ಟೇ ಇರುತ್ತಾರೆ. ಅಲೆಕ್ಸ್ ನಾರ್ತ್ ಅವರ ‘ಸ್ಪಾರ್ಟಕಸ್’ಗೆ (1960) ವಾರೀಸ್ ಸಾರಾಬಾಂಡ್ ಕಂಪನಿ 2010ರಲ್ಲಿ ಆರು ಸಿಡಿ, ಒಂದು ಡಿವಿಡಿಯ ದೊಡ್ಡ ಪೆಟ್ಟಿಗೆ ಮಾಡಿತು. ವರ್ಷಗಟ್ಟಲೆ ಕಾದವರಿಗೆ ಅದು ಹಬ್ಬ. ಆದರೆ ಅಂಥವರು ಇಡೀ ಜಗತ್ತಿನಲ್ಲಿ ಕೆಲವು ಸಾವಿರ ಅಷ್ಟೇ.

ಬಿಡುಗಡೆಯಾದ ಕೂಡಲೇ ಕೊಂಡು, ಮುಗಿದ ಮೇಲೆ ಹತ್ತು ಪಟ್ಟಿಗೆ ಮಾರುವವರು ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿದೆ. ಆಲ್ಬಮ್ ಹೊರತರುವ ಕಂಪನಿಗಳ, ಅಂದರೆ ಲೇಬಲ್‌ಗಳ ಮೇಲೆ ಇಲ್ಲ.

ಮೂಲ ಮುದ್ರಣಗಳು ಎಲ್ಲಿವೆ? ಇನ್ನೂ ಉಳಿದಿವೆಯಾ?

ಕೆಲವು ಉಳಿದಿವೆ, ಕೆಲವು ಹೋಗಿವೆ. 1950ಕ್ಕಿಂತ ಮೊದಲು ಸ್ಟುಡಿಯೋಗಳು ಸಂಗೀತವನ್ನು ಬೆಳಕಿನ ಗೆರೆಯಾಗಿ ಫಿಲ್ಮಿನ ಮೇಲೆ ಮುದ್ರಿಸುತ್ತಿದ್ದವು. ಆ ಫಿಲ್ಮು ನೈಟ್ರೇಟ್, ಬೆಂಕಿ ಕಂಡರೆ ಭಗ್ಗನೆ ಹತ್ತಿಕೊಳ್ಳುವಂಥದ್ದು. ಜೊತೆಗೆ ಸಂಗೀತಗಾರರು ಮನೆಗೆ ಒಯ್ದು ಕೇಳಲೆಂದು ಅಸಿಟೇಟ್ ತಟ್ಟೆಗಳನ್ನು ಕೊರೆದು ಕೊಡುತ್ತಿದ್ದರು. ಸ್ಟುಡಿಯೋದ ಪ್ರತಿ ಹಾಳಾದಾಗ ಎಷ್ಟೋ ಸಲ ಈ ತಟ್ಟೆಗಳೇ ಕೈ ಹಿಡಿದಿವೆ. ಮ್ಯಾಕ್ಸ್ ಸ್ಟೈನರ್ ಅವರ ಸಂಗ್ರಹ ಯೂಟಾ ರಾಜ್ಯದ ಪ್ರೊವೊ ಊರಿನಲ್ಲಿ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ತಟ್ಟೆಗಳಿಂದಲೇ ಹಲವು ಸಿಡಿಗಳು ಬಂದವು.

1950ರ ನಂತರ ಬಂದದ್ದು 35 ಎಂಎಂ ಮ್ಯಾಗ್ನೆಟಿಕ್ ಫಿಲ್ಮು. ದನಿ ಚೆಂದ, ಮೂರು ಟ್ರ್ಯಾಕ್ ಸ್ಟೀರಿಯೊ. ಆದರೆ ಇದಕ್ಕೆ ಬೇರೆ ಕಾಯಿಲೆ. ಅಸಿಟೇಟ್ ಫಿಲ್ಮು ಮುದಿಯಾದಂತೆ ಒಳಗೇ ಹುಳಿಯಾಗುತ್ತದೆ. ಡಬ್ಬದ ಮುಚ್ಚಳ ತೆಗೆದರೆ ಗಪ್ಪನೆ ವಿನೆಗರ್ ವಾಸನೆ ಬರುತ್ತದೆ. ಫಿಲ್ಮು ಕುಗ್ಗಿ ಹಪ್ಪಳದಂತೆ ಸೊಟ್ಟಗಾಗಿರುತ್ತದೆ. ಅಂಚಿನ ತೂತುಗಳು ಯಂತ್ರದ ಹಲ್ಲಿಗೆ ಕೂರುವುದಿಲ್ಲ. ಮೇಲಿನ ಕಬ್ಬಿಣದ ಲೇಪ ಆ ಹುಳಿಯನ್ನು ಇನ್ನೂ ಬೇಗ ಏರಿಸುತ್ತದೆ. ತಂಪಾಗಿ ಒಣದಾಗಿ ಇಟ್ಟರೆ ನಿಧಾನ ಆಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಅದಕ್ಕೇ ‘ಇನ್ನೊಂದು ಹತ್ತು ವರ್ಷ ಬಿಟ್ಟು ನೋಡೋಣ’ ಅಂದರೆ ನನಗೆ ಹೊಟ್ಟೆ ಕಲಕುತ್ತದೆ.

ಕೆಲವು ಸಲ ಮುದ್ರಣ ಉಳಿದರೂ ಒಂದೇ ಸಮ ಇರುವುದಿಲ್ಲ. ಬರ್ನಾರ್ಡ್ ಹರ್ಮನ್ ಅವರ ‘ವರ್ಟಿಗೊ’ (1958) ತಗೊಳ್ಳಿ. ಆಗ ಹಾಲಿವುಡ್‌ನಲ್ಲಿ ವಾದ್ಯಗಾರರ ಮುಷ್ಕರ. ಕೆಲಸ ಲಂಡನ್‌ಗೆ ಹೋಯಿತು, ಆರ್ಕೆಸ್ಟ್ರಾವನ್ನು ಮ್ಯೂರ್ ಮ್ಯಾಥಿಸನ್ ನಿರ್ದೇಶಿಸಿದರು. ಅರ್ಧದಲ್ಲಿ ಲಂಡನ್ನಿನ ವಾದ್ಯಗಾರರೂ ಅಮೆರಿಕದವರ ಬೆಂಬಲಕ್ಕೆ ನಿಂತು ಕೈಬಿಟ್ಟರು. ಉಳಿದದ್ದು ವಿಯೆನ್ನಾದಲ್ಲಿ ಮುಗಿಯಿತು. ಲಂಡನ್ನಿನದು ಸ್ಟೀರಿಯೊ, ವಿಯೆನ್ನಾದ್ದು ಮೊನೊ. 1996ರ ಸಿಡಿಯಲ್ಲಿ ಎರಡೂ ಪಕ್ಕಪಕ್ಕ ಇವೆ. ಒಂದು ತುಣುಕಿನಿಂದ ಮುಂದಿನದಕ್ಕೆ ಹೋಗುವಾಗ ಕೋಣೆಯ ಗೋಡೆ ಹತ್ತಿರ ಸರಿದ ಹಾಗೆ ಆಗುತ್ತದೆ. ನನಗೆ ಅದೂ ಇಷ್ಟವೇ.

ಎಂಜಿಎಂ ಸ್ಟುಡಿಯೋ ತನ್ನ ಸ್ವರಲಿಪಿಗಳನ್ನು ಕಸಕ್ಕೆ ಎಸೆಯಿತು ಅನ್ನುವುದು ನಿಜವಾ?

ನಿಜ. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ. 1969ರಲ್ಲಿ ಕಂಪನಿ ಕಿರ್ಕ್ ಕೆರ್ಕೋರಿಯನ್ ಕೈಗೆ ಬಂತು. ಖರ್ಚು ಕಡಿತ ಶುರುವಾಯಿತು. ಉಡುಪು, ಸಾಮಾನು ಹರಾಜಾದವು. ಸಂಗೀತ ವಿಭಾಗದ ಗ್ರಂಥಾಲಯವನ್ನು ಮಾತ್ರ ಹರಾಜಿಗೂ ಇಡಲಿಲ್ಲ. ಪೂರ್ಣ ಸ್ವರಲಿಪಿಗಳು, ಪ್ರತಿ ವಾದ್ಯಕ್ಕೂ ಬರೆದ ಹಾಳೆಗಳು, ಎಲ್ಲ ಗುಂಡಿ ತುಂಬುವ ಕಸವಾಗಿ ಹೋದವು. ಎಂಜಿಎಂನ ಮೂರು ನಾಲ್ಕು ದಶಕದ ಸಂಗೀತ ಅದು!

ಉಳಿದದ್ದು ಆರ್ಕೆಸ್ಟ್ರಾ ನಿರ್ದೇಶಕನ ಮೇಜಿನ ಚಿಕ್ಕ ಸ್ವರಲಿಪಿಗಳು. ಕಾಪಿರೈಟ್ ಲೆಕ್ಕಕ್ಕೆ ಇಟ್ಟುಕೊಂಡಿದ್ದರಿಂದ ಬಚಾವಾದವು. ಇಡೀ ಆರ್ಕೆಸ್ಟ್ರಾವನ್ನು ಮೂರು ನಾಲ್ಕು ಸಾಲಿಗೆ ಇಳಿಸಿದ ಹಾಳೆ ಅದು. ರಾಗ ಇದೆ, ಅಲ್ಲಲ್ಲಿ ‘ಇಲ್ಲಿ ಕೊಳಲು’, ‘ಇಲ್ಲಿ ಕೊಂಬು’ ಅನ್ನುವ ಗುರುತು ಇದೆ. ಎರಡನೇ ಪಿಟೀಲು ಏನು ನುಡಿಸಿತು, ಹಾರ್ಪ್ ಎಲ್ಲಿ ಮೀಟಿತು ಅನ್ನುವುದು ಇರುವುದಿಲ್ಲ. ಬ್ರಿಟನ್ನಿನ ಜಾನ್ ವಿಲ್ಸನ್ ಈ ಹಾಳೆ ಮುಂದಿಟ್ಟುಕೊಂಡು, ಸಿನಿಮಾದ ದನಿಯನ್ನು ಮತ್ತೆ ಮತ್ತೆ ಕೇಳಿ, ಕಳೆದುಹೋದ ಒಂದೊಂದು ವಾದ್ಯವನ್ನೂ ಕಿವಿಯಿಂದಲೇ ಬರೆದುಕೊಂಡರು. ಅದಕ್ಕೆ ವರ್ಷಗಳು ಹಿಡಿದವು. 2009ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರ ಆರ್ಕೆಸ್ಟ್ರಾ ಆ ಎಂಜಿಎಂ ಸಂಗೀತ ನುಡಿಸಿದಾಗ ಜನ ಎದ್ದು ನಿಂತದ್ದರಲ್ಲಿ ಆಶ್ಚರ್ಯ ಇಲ್ಲ.

ಸಮಾಧಾನದ ಒಂದು ಸಂಗತಿಯೂ ಇದೆ. ಎಂಜಿಎಂ ಹಿಂದೆಯೇ ಒಂದಕ್ಕಿಂತ ಹೆಚ್ಚು ಮೈಕುಗಳ ದನಿಯನ್ನು ಬೇರೆ ಬೇರೆ ಫಿಲ್ಮಿನ ಮೇಲೆ ಮುದ್ರಿಸುತ್ತಿತ್ತು. ಆಗ ಅವರಿಗೆ ಸ್ಟೀರಿಯೊ ಯೋಚನೆ ಇರಲಿಲ್ಲ. ಉಳಿದಿರುವ ಕಡೆ ಈಗ ಅವುಗಳನ್ನು ಜೋಡಿಸಿದರೆ 1930ರ ದಶಕದ ಸಂಗೀತವೂ ಸ್ಟೀರಿಯೊದಲ್ಲಿ ತೆರೆದುಕೊಳ್ಳುತ್ತದೆ.

ಮೂಲ ಹೋಗಿದ್ದರೆ ಹೊಸದಾಗಿ ನುಡಿಸಿದ್ದನ್ನು ಒಪ್ಪಿಕೊಳ್ಳಬಹುದಾ?

ನಾನಂತೂ ಎರಡು ಕೈಯಿಂದ ಒಪ್ಪಿಕೊಳ್ಳುತ್ತೇನೆ. ಈ ಸಂಗೀತಕ್ಕೆ ಎರಡನೇ ಜೀವ ಬಂದದ್ದೇ ಮರುಮುದ್ರಣದಿಂದ. 1972ರಲ್ಲಿ ಆರ್‌ಸಿಎ ಒಂದು ಎಲ್‌ಪಿ ಬಿಟ್ಟಿತು, ಕೋರ್ನ್‌ಗೋಲ್ಡ್ ಅವರ ‘ದ ಸೀ ಹಾಕ್’ ಮತ್ತು ಇತರ ಚಿತ್ರಗಳ ಸಂಗೀತ. ಚಾರ್ಲ್ಸ್ ಗೆರ್ಹಾರ್ಟ್ ನಿರ್ದೇಶಿಸಿದರು, ನ್ಯಾಷನಲ್ ಫಿಲ್ಹಾರ್ಮೋನಿಕ್ ನುಡಿಸಿತು. ಮುದ್ರಿಸಿದ್ದು ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ. ನಿರ್ಮಾಪಕ ಯಾರು ಗೊತ್ತಾ? ಕೋರ್ನ್‌ಗೋಲ್ಡ್ ಅವರ ಮಗ ಜಾರ್ಜ್. ಅಪ್ಪನ ಸಂಗೀತವನ್ನು ಜನ ಮರೆತಿದ್ದರು, ಮಗ ಮುಂದೆ ನಿಂತು ನುಡಿಸಿದ. ಆ ಎಲ್‌ಪಿ ಚೆನ್ನಾಗಿ ಮಾರಾಟ ಆಯಿತು. ಅದರಿಂದ ಒಂದು ಸರಣಿಯೇ ಬೆಳೆಯಿತು.

ಮುಂದೆ ಜಾನ್ ಮಾರ್ಗನ್ ಹಳೆಯ ಹಾಳೆಗಳಿಂದ ಸ್ವರಲಿಪಿ ಮತ್ತೆ ಕಟ್ಟಿಕೊಟ್ಟರು, ವಿಲಿಯಂ ಸ್ಟ್ರಾಂಬರ್ಗ್ ಮಾಸ್ಕೋದಲ್ಲಿ ನುಡಿಸಿದರು. ಸ್ಟೈನರ್ ಅವರ ‘ಕಿಂಗ್ ಕಾಂಗ್’ (1933) ನಮಗೆ ಸ್ಪಷ್ಟವಾಗಿ ಕೇಳಿಸಿದ್ದು ಹಾಗೆ. ಟ್ಯಾಡ್ಲೊ ಸಂಸ್ಥೆ ಪ್ರಾಗ್‌ನಲ್ಲಿ ರೋಜಾ ಅವರ ‘ಎಲ್ ಸಿಡ್’ ಅನ್ನು ಪೂರ್ತಿಯಾಗಿ ನುಡಿಸಿತು.

ಕೊರತೆ ಇಲ್ಲ ಅಂತಲ್ಲ. ಆ ಕಾಲದ ಹಾಲಿವುಡ್ ಪಿಟೀಲುಗಾರರು ಸ್ವರವನ್ನು ಜಾರಿಸಿ ನುಡಿಸುತ್ತಿದ್ದ ರೀತಿ ಇವತ್ತಿನವರಿಗೆ ಸುಲಭಕ್ಕೆ ಬರುವುದಿಲ್ಲ. ಗತಿ ಕೂಡ ಬೇರೆ ಆಗುತ್ತದೆ. ಎಲ್ಲಕ್ಕಿಂತ ದೊಡ್ಡ ಉದಾಹರಣೆ ಹರ್ಮನ್ ಅವರದ್ದೇ. ‘ಸೈಕೋ’ (1960) ಸಂಗೀತವನ್ನು ಅವರು 1975ರಲ್ಲಿ ಲಂಡನ್‌ನಲ್ಲಿ ಮತ್ತೆ ನುಡಿಸಿದರು. ಬರೆದವರೇ ನಿರ್ದೇಶಿಸಿದ್ದಾರೆ, ಆದರೂ ಸಿನಿಮಾಕ್ಕಿಂತ ನಿಧಾನ. ಬರೀ ತಂತಿವಾದ್ಯಗಳ ಆ ಕೊಯ್ತ, ಸಿನಿಮಾದ ಆ ವೇಗದಲ್ಲೇ, ಆಲ್ಬಮ್ ಆಗಿ ನನ್ನ ಕಪಾಟಿನಲ್ಲಿ ಇರಬೇಕು ಅನ್ನುವುದು ನನ್ನ ಬಹಳ ಹಳೆಯ ಆಸೆ.

ಹಕ್ಕು ಯಾರದು? ಸಂಗೀತಗಾರರ ಮಕ್ಕಳು ಒಪ್ಪಿದರೆ ಸಾಕಲ್ಲವಾ?

ಸಾಲುವುದಿಲ್ಲ. ಸಂಗೀತಗಾರರು ಸಂಬಳಕ್ಕೆ ಬರೆದರು, ಹಕ್ಕು ಸ್ಟುಡಿಯೋಗೆ ಹೋಯಿತು. ಮುದ್ರಣದ ಹಕ್ಕು ಒಬ್ಬರದು, ಸ್ವರಗಳ ಹಕ್ಕು ಪ್ರಕಾಶಕರದು. ಸ್ಟುಡಿಯೋಗಳು ಎಷ್ಟೋ ಸಲ ಕೈ ಬದಲಾಗಿವೆ. ಪ್ಯಾರಾಮೌಂಟ್‌ನ 1950ಕ್ಕಿಂತ ಹಿಂದಿನ ಬಹುಪಾಲು ಸಿನಿಮಾಗಳು 1958ರಲ್ಲಿ ಎಂಸಿಎ ಕಂಪನಿಗೆ ಮಾರಾಟವಾಗಿ ಈಗ ಯೂನಿವರ್ಸಲ್ ಬಳಿ ಇವೆ. ಆರ್‌ಕೆಓ ಅಂತೂ ಸ್ಟುಡಿಯೋವಾಗಿ ಉಳಿಯಲೇ ಇಲ್ಲ. ಲೇಬಲ್‌ನವರು ಮೊದಲು ಹಳೆಯ ಕಾಗದ ಹುಡುಕಬೇಕು. ಕಾಗದ ಸಿಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಭಿಮಾನಿಗಳ ಆಸೆಗಳು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಸಿನಿಮಾದಿಂದ ತೆಗೆದುಹಾಕಿದ ಸಂಗೀತವೂ ಸಿಗುತ್ತದಾ?

ಸಿಕ್ಕಿದೆ, ಅದರಲ್ಲಿ ಒಂದು ನೋವಿನ ಕಥೆ. ‘2001: ಎ ಸ್ಪೇಸ್ ಒಡಿಸ್ಸಿ’ಗೆ (1968) ಅಲೆಕ್ಸ್ ನಾರ್ತ್ ಸಂಗೀತ ಬರೆದು ನುಡಿಸಿದ್ದರು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಕೊನೆಗೆ ಅದನ್ನು ಬಿಟ್ಟು ಹಳೆಯ ಶಾಸ್ತ್ರೀಯ ಕೃತಿಗಳನ್ನೇ ಇಟ್ಟರು. ನಾರ್ತ್‌ಗೆ ಇದು ಗೊತ್ತಾದದ್ದು ಪ್ರದರ್ಶನಕ್ಕೆ ಹೋಗಿ ಕೂತಾಗ. ಅವರು 1991ರಲ್ಲಿ ತೀರಿಕೊಂಡರು. 1993ರಲ್ಲಿ ಅವರ ಗೆಳೆಯ ಜೆರಿ ಗೋಲ್ಡ್‌ಸ್ಮಿತ್ ಆ ಸಂಗೀತ ನುಡಿಸಿ ಆಲ್ಬಮ್ ಮಾಡಿದರು. 1968ರ ಮೂಲ ಮುದ್ರಣ 2007ರಲ್ಲಿ ಇಂಟ್ರಾಡಾ ಲೇಬಲ್‌ನಿಂದ ಬಂತು. ಕೇಳಿ ನೋಡಿ. ಸಿನಿಮಾಕ್ಕೆ ಯಾವುದು ಸರಿ ಅನ್ನುವ ಜಗಳ ಇರಲಿ, ಸಂಗೀತವಾಗಿ ಅದು ದೊಡ್ಡದು.

ಕಳ್ಳ ಪ್ರತಿ ಸಿಗುತ್ತಲ್ಲ, ಅದು ಸಾಲದೇ?

ಬೇಡ. ದನಿ ಕೆಟ್ಟದಾಗಿರುತ್ತದೆ. ಇದ್ದ ಮೂರು ಸಾವಿರ ಗಿರಾಕಿಗಳಲ್ಲಿ ಐನೂರು ಜನ ಕಳ್ಳ ಪ್ರತಿಯಲ್ಲೇ ತೃಪ್ತರಾದರೆ ಸರಿಯಾದ ಬಿಡುಗಡೆ ಮಾಡುವ ಧೈರ್ಯ ಯಾರಿಗೆ ಬರುತ್ತದೆ?

ನಾವು ಕೇಳಿದರೆ ಯಾರಾದರೂ ಕಿವಿಗೊಡುತ್ತಾರಾ?

ಕೊಡುತ್ತಾರೆ. ಈ ಲೇಬಲ್‌ಗಳನ್ನು ನಡೆಸುವವರಲ್ಲಿ ಹೆಚ್ಚಿನವರು ನಮ್ಮ ಹಾಗೇ ಅಭಿಮಾನಿಗಳಾಗಿದ್ದವರು. ಲೂಕಸ್ ಕೆಂಡಾಲ್ 1990ರಲ್ಲಿ, ಇನ್ನೂ ಹದಿಹರೆಯದಲ್ಲಿ, ಆಸಕ್ತರಿಗೆ ಕಳಿಸುವ ಒಂದು ಸುದ್ದಿಪತ್ರ ಶುರು ಮಾಡಿದರು. ಅದು ಫಿಲ್ಮ್ ಸ್ಕೋರ್ ಮಂತ್ಲಿ ಪತ್ರಿಕೆಯಾಯಿತು, ಆಮೇಲೆ ಲೇಬಲ್ ಆಯಿತು, 250 ಆಲ್ಬಮ್ ತಂದಿತು. ಎಲ್ಮರ್ ಬರ್ನ್‌ಸ್ಟೀನ್ 1970ರ ದಶಕದಲ್ಲಿ ಸ್ವಂತ ಕ್ಲಬ್ ಕಟ್ಟಿದರು. ಸದಸ್ಯರು ಚಂದಾ ಕಳಿಸಬೇಕಿತ್ತು, ಅಂಚೆಯಲ್ಲಿ ಎಲ್‌ಪಿ ಮನೆಗೆ ಬರುತ್ತಿತ್ತು. ಕಂಪನಿಗಳು ಮುಟ್ಟದ ಸಂಗೀತವನ್ನು ಅವರು ಹೀಗೆ ನುಡಿಸಿದರು. ತಮ್ಮದಕ್ಕಿಂತ ಜಾಸ್ತಿ ಬೇರೆಯವರ ಸಂಗೀತ ನುಡಿಸಿದರು ಅನ್ನುವುದು ನನಗೆ ದೊಡ್ಡ ಗುಣವಾಗಿ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ಇಂಟ್ರಾಡಾ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಅಭಿಮಾನಿಗಳಿಂದಲೇ ಹಣ ಸೇರಿಸಿ ಟಿಯೋಮ್ಕಿನ್ ಅವರ ‘ಡಯಲ್ ಎಂ ಫಾರ್ ಮರ್ಡರ್’ (1954) ನುಡಿಸಿತು.

ಕೇಳುಗರೇ ಮುಂದೆ ಬಂದು ಮುದ್ರಣ ಮಾಡಿಸುವುದು ನಮ್ಮ ನೆಲಕ್ಕೂ ಹೊಸದಲ್ಲ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರಿಗೆ ರಷ್ಯದ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಇಷ್ಟ. ಮೆಟ್ನರ್ ಆಗ ಲಂಡನ್ನಿನಲ್ಲಿ ಮುಪ್ಪಿನ ದಿನ ಕಳೆಯುತ್ತಿದ್ದರು, ಕೇಳುವವರು ಕಡಿಮೆ. ಮಹಾರಾಜರು ಹಣ ಕೊಟ್ಟು 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಿದರು. ಸಿನಿಮಾ ಸಂಗೀತ ಅಲ್ಲ ಅದು, ಆದರೆ ಆಸೆ ಇದೇ ತರಹದ್ದು. ಅವತ್ತು ಒಬ್ಬ ಮಹಾರಾಜರು ಕೊಟ್ಟ ಹಣವನ್ನು ಈಗ ಒಂದೆರಡು ಸಾವಿರ ಜನ ಸೇರಿ ಕೊಡುತ್ತಾರೆ.

ಕೇಳುವಾಗ ಒಂದು ಮಾತು. ‘ಎಲ್ಲಾ ಹಳೆಯದನ್ನೂ ಬಿಡಿ’ ಅಂದರೆ ಯಾರಿಗೂ ಉಪಯೋಗ ಇಲ್ಲ. ಒಂದು ಸಿನಿಮಾ ಹೆಸರಿಸಿ. ಇರುವ ಎಲ್‌ಪಿಯಲ್ಲಿ ಯಾವ ದೃಶ್ಯದ ಸಂಗೀತ ಇಲ್ಲ ಅಂತ ಹೇಳಿ. ಬಂದಾಗ ಕೊಂಡುಕೊಳ್ಳಿ.

ಇಲ್ಲಿಂದ ಕೊಳ್ಳುವುದು ಹೇಗೆ?

ಇಂಟ್ರಾಡಾ, ಲಾ-ಲಾ ಲ್ಯಾಂಡ್, ವಾರೀಸ್ ಸಾರಾಬಾಂಡ್ ಇವೆಲ್ಲ ನೇರವಾಗಿ ಮಾರುತ್ತವೆ. ಒಂದೇ ಸಿಡಿ ತರಿಸಿದರೆ ಸಾಗಣೆಯ ಖರ್ಚೇ ಸಿಡಿಯ ಬೆಲೆಗೆ ಹತ್ತಿರ ಬರುತ್ತದೆ. ಅದರ ಮೇಲೆ ಕಸ್ಟಮ್ಸ್ ಬೀಳಬಹುದು. ಮೂರು ನಾಲ್ಕು ಜನ ಗೆಳೆಯರು ಸೇರಿ ಒಟ್ಟಿಗೆ ತರಿಸಿ. ನನ್ನದೊಂದು ಪಾರ್ಸೆಲ್ ಎರಡು ತಿಂಗಳು ಎಲ್ಲೋ ಕೂತು, ಡಬ್ಬಿ ಒಡೆದು ಬಂತು. ಪುಣ್ಯಕ್ಕೆ ಸಿಡಿಗೆ ಏನೂ ಆಗಿರಲಿಲ್ಲ. ಅಂದಿನಿಂದ ಟ್ರ್ಯಾಕಿಂಗ್ ಇಲ್ಲದೆ ತರಿಸುವುದಿಲ್ಲ. ಮಾಸ್ಕೋದಲ್ಲಿ ನುಡಿಸಿದ ಆ ಸರಣಿ ಈಗ ನ್ಯಾಕ್ಸೋಸ್ ಹೆಸರಿನಲ್ಲಿ ಸ್ಟ್ರೀಮಿಂಗ್‌ನಲ್ಲೂ ಸಿಗುತ್ತದೆ. ಸೀಮಿತ ಪ್ರತಿಗಳವು ಹೆಚ್ಚಾಗಿ ಸಿಡಿಯಲ್ಲಿ ಮಾತ್ರ. ಕೆಲವು ಬ್ಲೂ-ರೇಗಳಲ್ಲಿ ಮಾತು, ಸದ್ದು ತೆಗೆದು ಸಂಗೀತ ಮಾತ್ರ ಇಟ್ಟ ಟ್ರ್ಯಾಕ್ ಇರುತ್ತದೆ, ಕೊಳ್ಳುವ ಮುನ್ನ ಹಿಂಬದಿ ಓದಿ ನೋಡಿ.

ನಾನು ಹೊಸಬ. ಎಲ್ಲಿಂದ ಶುರು ಮಾಡಲಿ?

ಕೋರ್ನ್‌ಗೋಲ್ಡ್ ಅವರ ‘ದ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ನಿಂದ (1938) ಶುರು ಮಾಡಿ. ಆ ಕೆಲಸಕ್ಕೆಂದೇ ಅವರು ವಿಯೆನ್ನಾ ಬಿಟ್ಟು ಹಾಲಿವುಡ್‌ಗೆ ಬಂದಿದ್ದರು. ಅಷ್ಟರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಕ್ಕೆ ನುಗ್ಗಿತು. ರಾಬಿನ್ ಹುಡ್ ತನ್ನ ಜೀವ ಉಳಿಸಿದ ಅಂತ ಆ ಯಹೂದಿ ಸಂಗೀತಗಾರರು ಹೇಳುತ್ತಿದ್ದರು. ಅದನ್ನು ತಿಳಿದುಕೊಂಡು ಆ ಕುಣಿಯುವ ಸಂಗೀತ ಕೇಳಿದರೆ ಬೇರೆಯೇ ಆಗಿ ಕೇಳಿಸುತ್ತದೆ.

ಆಮೇಲೆ ಹರ್ಮನ್ ಅವರ ‘ವರ್ಟಿಗೊ’. ಅದಾದ ಮೇಲೆ ರೋಜಾ ಅವರ ‘ದ ಥೀಫ್ ಆಫ್ ಬಾಗ್ದಾದ್’ (1940). ಬ್ರಿಟನ್ನಿನಲ್ಲಿ ಶುರುವಾದ ಆ ಸಿನಿಮಾ ಯುದ್ಧದಿಂದಾಗಿ ಹಾಲಿವುಡ್‌ನಲ್ಲಿ ಮುಗಿಯಿತು, ರೋಜಾ ಅದರ ಜೊತೆಗೇ ಅಮೆರಿಕಕ್ಕೆ ಹೋದರು. ಬರ್ನ್‌ಸ್ಟೀನ್ ತಮ್ಮ ಕ್ಲಬ್ಬಿಗೆ ಅದನ್ನು ನುಡಿಸಿದ್ದಾರೆ, ಪ್ರಾಗ್‌ನಲ್ಲಿ ಟ್ಯಾಡ್ಲೊ ಕೂಡ ನುಡಿಸಿದೆ. ಅದರಲ್ಲಿ ನಾವಿಕ ಆಗಬೇಕು ಅನ್ನುವ ಒಂದು ಪುಟ್ಟ ಹಾಡು ಬರುತ್ತದೆ. ಹಾಡುಗಳನ್ನು ಬಿಟ್ಟಿದ್ದೇನೆ ಅಂತ ಮೇಲೆ ಬರೆದಿದ್ದೆ, ಇದೊಂದನ್ನು ಬಿಡಲು ಮನಸ್ಸಿಲ್ಲ. ತೆರೆಯ ಮೇಲೆ ಅದನ್ನು ಹಾಡುವವನು ಕಾರಾಪುರದ ಆ ಹುಡುಗ.